ಕಿಟಕಿ ಕಡೆಯವರು, ಬಾಗಿಲ ಕಡೆಯವರು

ಸೆಪ್ಟೆಂಬರ್ 9, 1979. ಭಾನುವಾರ

ಚರ್ಚಿನಿಂದ ನೇರ ನನ್ನ ಲಾಂಡ್ರಿ ಅಂಗಡಿಗೆ. ಹಿಂದಿನ ಬಾಗಿಲು ತೆಗೆದೆ. ಇಸ್ತ್ರಿ ಮೇಜಿನ ಮೇಲೆ ಗೆಣಸಿನ ಪೈ, ಕಿಟಕಿಯಲ್ಲಿ ರೆಕಾರ್ಡ್ ಪ್ಲೇಯರ್. ಎಂದಿನ ಮಂದಿ, ಎಂದಿನ ಜಗಳ.

ಲೂಷಿಯಸ್ ಹಾರ್‌ಗ್ರೋವ್ ಹ್ಯಾಟು ತೆಗೆಯುವ ಮೊದಲೇ ಶುರು ಹಚ್ಚಿಕೊಂಡ. ಕಸಾಯಿ ಕಾರ್ಖಾನೆಯಲ್ಲಿ ಆಯುಸ್ಸಿಡೀ ಹಂದಿ ಕಡಿದವನು. ರಿಟೈರಾದ ಮೇಲೆ ನನ್ನ ಜೀವ ತಿನ್ನುತ್ತಾನೆ.

"ಟ್ರಾಮೆಲ್ ಬ್ಯಾಂಡು ನ್ಯೂಯಾರ್ಕಿನೋರಿಗೆ ಮಣ್ಣು ಮುಕ್ಕಿಸಿದ್ದು ಹೆಂಗೆ ಗೊತ್ತೇನಮ್ಮಾ, ಇಸ್ತ್ರಿ ರಾಣಿ? ಪಪ್! ಪಪ್ಪ-ಪಾ! ಅಷ್ಟೇ. ಆಮೇಲೆ ಗಪ್‌ಚುಪ್. ಮತ್ತೆ ಪಪ್!"

"ಅದು ಕೆಮ್ಮು ಕಣೋ, ಸಂಗೀತ ಅಲ್ಲ. ದೂ... ದಾ-ದೂ-ದಾಆಆ. ಹಂಗಿತ್ತು. ರೇಷ್ಮೆ."

"ನಿನಗೆ ಕೇಳಿಸಿದ್ದು ನಿನ್ನ ಪೆಟಿಕೋಟಿನ ಸದ್ದು."

ಇದು ಮೂವತ್ತೆಂಟನೇ ಇಸವಿಯ ಮಾತು. ಲಿಂಡೆನ್ ಹಾಲಿನಲ್ಲಿ ಬ್ಯಾಂಡು-ಬ್ಯಾಂಡಿನ ಕಾಳಗ. ನ್ಯೂಯಾರ್ಕಿನೋರ ಮುಂದೆ ಸಾಲಾಗಿ ಸ್ಟ್ಯಾಂಡು, ಅದರ ತುಂಬಾ ಬರೆದ ಕಾಗದ. ನಮ್ಮ ಟ್ರಾಮೆಲ್‌ನವರ ಮುಂದೆ ಏನೂ ಇಲ್ಲ. ಎಲ್ಲಾ ತಲೆಯೊಳಗೇ. ನಮ್ಮ ಕಾನ್ಸಾಸ್ ಸಿಟಿಯಲ್ಲಿ ತೀರ್ಪು ಕೊಡುತ್ತಿದ್ದದ್ದು ಕುಣಿಯುವವರ ಕಾಲು. ಸೋತ ಬ್ಯಾಂಡು ನುಡಿಸುವಾಗ ಜನ ನೀರು ಕುಡಿಯೋಕೆ ಹೋಗುತ್ತಿದ್ದರು. ಆವತ್ತು ಟ್ರಾಮೆಲ್‌ನ 'ಲೂಸ್ ಬಟನ್ಸ್' ಟ್ಯೂನು ಶುರುವಾದ ಮೇಲೆ ಒಬ್ಬರೂ ನೀರಿಗೆ ಹೋಗಲಿಲ್ಲ. ನ್ಯೂಯಾರ್ಕಿನೋರೇ ಕೊನೆಗೆ ಸ್ಟೇಜಿನಿಂದಿಳಿದು ಕುಣಿದರು. ಮಾರನೇ ದಿನ ನನ್ನ ಹತ್ತಿರ ಬಂದ ಕೋಟುಗಳಲ್ಲಿ ನೆಟ್ಟಗೆ ಗುಂಡಿಯಿದ್ದ ಕೋಟು ಒಂದೂ ಇಲ್ಲ. ಆಗ ನಾನು ಸಾಲದ ಇಸ್ತ್ರಿಪೆಟ್ಟಿಗೆಯವಳು. ಈಗ ಮೂರು ಅಂಗಡಿ, ಒಂದು ವ್ಯಾನು. ಆದರೂ ಆ ರಾತ್ರಿಗಿಂತ ಒಳ್ಳೆ ಗಿರಾಕಿ ಇವತ್ತಿಗೂ ಸಿಕ್ಕಿಲ್ಲ.

ಅಷ್ಟರಲ್ಲಿ ಸಿಟಿ ಬಸ್ ಓಡಿಸುವ ವೆಂಡೆಲ್ ಸ್ಟೋಕ್ಸ್ ಬಂದ. ಡಿಪೋದವರನ್ನೂ ಅಂಚೆಯವರನ್ನೂ ಸೇರಿಸಿ ಒಂದು ಬ್ಯಾಂಡು ಕಟ್ಟಿದ್ದಾನೆ. "ಮಿಸ್ ಓಜೆಲ್ಲಾ, ಅಕ್ಟೋಬರ್ 14ಕ್ಕೆ ಲಿಂಡೆನ್ ಹಾಲ್ ಮತ್ತೆ ತೆಗೀತಾರೆ. ರೇಡಿಯೋದೋರು ಟೇಪು ಮಾಡ್ತಾರೆ. ನಾವು ಲೂಸ್ ಬಟನ್ಸ್ ನುಡಿಸ್ತೀವಿ."

ಪೈ ತಟ್ಟೆಯಲ್ಲೇ ಬಿಟ್ಟು, ರಿಹರ್ಸಲ್ ಯಾವತ್ತು ಅಂತ ಕೇಳಿದೆ.

ಸೆಪ್ಟೆಂಬರ್ 13. ಗುರುವಾರ

ಡಿಪೋ ಕ್ಯಾಂಟೀನಿನಲ್ಲಿ ರಿಹರ್ಸಲ್. ಲೂಷಿಯಸ್, ನಾನು ಇಬ್ಬರೂ ಹೋಗಿದ್ದೆವು. ಒಂದೇ ಬೆಂಚಿನ ಎರಡು ತುದಿ.

ಹುಡುಗರು ಶುದ್ಧವಾಗಿ ನುಡಿಸಿದರು. ರೆಕಾರ್ಡಿನಲ್ಲಿ ಇದ್ದಂತೆಯೇ. ಗಂಜಿ ಹಾಕಿ ಮಡಿಸಿಟ್ಟ, ಯಾರೂ ತೊಡದ ಷರ್ಟು. ಮೂರು ನಿಮಿಷಕ್ಕೆ ನಿಂತುಹೋಯಿತು.

"ಮುಗೀತಾ?"

"ಮುಗೀತು ಮಿಸ್ ಓಜೆಲ್ಲಾ. ರೆಕಾರ್ಡಲ್ಲಿರೋದೇ ಅಷ್ಟು."

"ರೆಕಾರ್ಡು ತಟ್ಟೆ ಕಣಪ್ಪಾ. ಹಿಡಿಸಿದಷ್ಟು ಬಡಿಸಿದಾರೆ. ಅಡುಗೆಮನೆ ನೋಡಿದೀಯಾ ನೀನು?"

ಮೂಲೆಯಲ್ಲಿ ರೇಡಿಯೋದ ಗಡ್ಡದವನು. ಸಭ್ಯ ಮನುಷ್ಯ. ನಗುತ್ತಾ ಹೇಳಿದ: "ಮೇಡಂ, ವಯಸ್ಸಾದ ಹಾಗೆ ನೆನಪು ಸ್ವಲ್ಪ ಉದ್ದ ಆಗುತ್ತೆ. ಟ್ರಾಮೆಲ್‌ದು ಚಿಕ್ಕ ಬ್ಯಾಂಡು, ಒಂದು ಮುದ್ದಾದ ರೆಕಾರ್ಡು. ಪುಸ್ತಕಗಳಲ್ಲೂ ಅಷ್ಟೇ ಇರೋದು."

ಮುದ್ದಾದ! ನಾಯಿಮರಿಗೆ ಹೇಳೋ ಮಾತು.

ಲೆಕ್ಕ ನನಗೆ ಬೇಗ ಹೊಳೆಯುತ್ತದೆ. ಅವನು ಟೇಪಿನಲ್ಲಿ ಹಿಡಿದದ್ದೇ ಉಳಿಯುತ್ತದೆ. ನಾವು ಉಳಿಯುವುದಿಲ್ಲ. ಲಿಂಡೆನ್ ಹಾಲ್ ತುಂಬಾ ಜನ ಕಂಡದ್ದು ಸುಳ್ಳಾಗಿ, ಮೂರು ನಿಮಿಷ ನಿಜವಾಗುತ್ತದೆ.

ವೆಂಡೆಲ್ ನ್ಯಾಯವಂತ. "ಕೊನೇ ಭಾಗ ಹೆಂಗಿತ್ತು ಹಾಡಿ ತೋರಿಸಿ. ನಾನು ಬರ್ಕೊಂಡು ನುಡಿಸ್ತೀನಿ" ಅಂದ. ಹಾಡಿದೆ. ಅರ್ಧಕ್ಕೇ ಲೂಷಿಯಸ್ ಕೈ ಅಡ್ಡ ಹಿಡಿದ. ಅವನು ಪಪ್ ಅಂದ, ನಾನು ಬಾಯಿ ಮುಚ್ಚಿಸಿದೆ. ಟ್ರಂಬೋನ್ ಊದುವವನಿಗೆ ನಕ್ಕು ನಕ್ಕು ಬಿಕ್ಕಳಿಕೆ.

"ಇಬ್ರೂ ಒಂದು ಮಾತಿಗೆ ಬನ್ನಿ. ಇಲ್ಲಾಂದ್ರೆ ರೆಕಾರ್ಡಿನಷ್ಟೇ" ಅಂದ ವೆಂಡೆಲ್.

ಸೆಪ್ಟೆಂಬರ್ 16. ಭಾನುವಾರ

ಅಂಗಡಿಯಲ್ಲಿ ಕೈ ಎತ್ತಿಸಿದೆವು. ಆವತ್ತು ಕಿಟಕಿ ಕಡೆ ಕುಣಿದವರೆಲ್ಲ ನನ್ನ ಕಡೆ. ಬಾಗಿಲ ಕಡೆ ಕುಣಿದವರೆಲ್ಲ ಲೂಷಿಯಸ್ ಕಡೆ. ಲಿಂಡೆನ್ ಹಾಲಿನ ವಾಡಿಕೆಯೇ ಹಾಗಿತ್ತು. ಮನೆಗೆಲಸದ, ಅಂಗಡಿಯ ಹುಡುಗಿಯರು ಗಾಳಿಗೆ ಕಿಟಕಿ ಹಿಡಿಯುತ್ತಿದ್ದರು. ಪಾಳಿ ಮುಗಿಸಿ ತಡವಾಗಿ ಬರುವ ಕಾರ್ಖಾನೆಯವರು ಬಾಗಿಲಲ್ಲೇ ಉಳಿಯುತ್ತಿದ್ದರು.

"ನಿಮ್ಮನ್ನ ಅಲ್ಲೇ ನಿಲ್ಲಿಸ್ತಿದ್ದದ್ದು ವಾಸನೆಗೆ" ಅಂದೆ.

"ಆ ವಾಸನೇನೇ ನಿನ್ನ ಹತ್ರ ಒಗೆಯೋಕೆ ಬರ್ತಿತ್ತು. ಅದ್ರಲ್ಲೇ ಅಂಗಡಿ ಕಟ್ಟಿದ್ದು ನೀನು."

ಅದು ಸುಳ್ಳಲ್ಲ. ಹೇಳಲಿಲ್ಲ.

ಸೆಪ್ಟೆಂಬರ್ 26. ಬುಧವಾರ

ಟ್ರಾಮೆಲ್ ಬ್ಯಾಂಡಿನಲ್ಲಿ ಉಸಿರಾಡುತ್ತಿರುವವನು ಒಬ್ಬನೇ. ರಾಯಲ್ ಗೇನ್ಸ್, ಆಲ್ಟೋ ಸ್ಯಾಕ್ಸಫೋನ್. ವೃದ್ಧರ ಆಸ್ಪತ್ರೆಯಲ್ಲಿದ್ದಾನೆ. ಪಾರ್ಶ್ವವಾಯು. ಬಲಗೈ, ಮಾತು ಎರಡೂ ಹೋಗಿವೆ. ಕಣ್ಣು ಮಾತ್ರ ಹಳೆಯದೇ. ಹೆಂಗಸರನ್ನು ಅಳೆಯುವ ಕಣ್ಣು.

ತೀರ್ಪು ಅವನದೇ ಅಂತ ಒಪ್ಪಿ ಹೋಗಿದ್ದೆವು. ಲೂಷಿಯಸ್ ಮೊದಲು ಹಾಡಿದ. ರಾಯಲ್ ಅಲ್ಲ ಅಂತ ತಲೆಯಾಡಿಸಿದ. ನಾನು ಸೀರಿಯಸ್ಸಾಗಿ ಗಂಟಲು ಸರಿಮಾಡಿಕೊಂಡು, ಗೆದ್ದವಳ ಹಾಗೆ ಹಾಡಿದೆ. ಅದಕ್ಕೂ ಅಲ್ಲ.

ಚುಚ್ಚಿತು. ಸ್ಟೇಜಿನಲ್ಲಿ ಅವನು ಕೂತಿದ್ದದ್ದೇ ಕಿಟಕಿ ಕಡೆ!

"ನೋಡಿದೆಯಾ" ಅಂದ ಲೂಷಿಯಸ್.

"ನಿನ್ನದಕ್ಕೂ ಅಲ್ಲ ಅಂದ ಕಣೋ!"

"ಸರಿಯಾಗಿ ಕೇಳಿಸಿಲ್ಲ ಅವನಿಗೆ. ಪಪ್! ಪಪ್ಪ-"

ಅವನು ನಿಲ್ಲಿಸಲಿಲ್ಲ. ನಾನೂ ಬಿಡಲಿಲ್ಲ. ಪಕ್ಕದ ಹಾಸಿಗೆಯ ಮುದುಕಿ ಎದ್ದು ಕೂತಳು. ರಾಯಲ್ ಎಡಗೈಯಲ್ಲಿ ಮಂಚದ ಸರಳು ಬಡಿದ. ಆಮೇಲೆ ಅದೇ ಕೈ ಎತ್ತಿ ತನ್ನ ತಲೆ ತಟ್ಟಿಕೊಂಡ. ಎರಡು ಸಲ.

"ನಮಗೆ ತಲೆ ಕೆಟ್ಟಿದೆ ಅಂತಾನೆ" ಅಂದ ಲೂಷಿಯಸ್, ಮೆಲ್ಲಗೆ.

ಆ ತಟ್ಟು ನಾನು ಮೊದಲೇ ಕಂಡದ್ದು. ಬ್ಯಾಂಡಿನ ಯಜಮಾನ ಕ್ಲೈಡ್ ಟ್ರಾಮೆಲ್ ಸ್ಟೇಜಿನ ಮೇಲೆ ಹಾಗೇ ಮಾಡುತ್ತಿದ್ದ. ಮುಷ್ಟಿ ಎತ್ತಿದರೆ ಮುಗಿಸಿ ಅಂತ. ತಲೆ ತಟ್ಟಿದರೆ... ತಲೆಯಿಂದ, ಮೊದಲಿಂದ ಇನ್ನೊಂದು ಸಲ.

"ಲೂಷಿಯಸ್. ಹಾಡು. ನನ್ನ ಕಡೆ ನೋಡಬೇಡ. ಸುಮ್ಮನೆ ಹಾಡು."

ಹಾಡಿದೆವು. ಒಟ್ಟಿಗೇ. ಅವನ ಗಪ್‌ಚುಪ್ಪಿನಲ್ಲಿ ನನ್ನ ರೇಷ್ಮೆ ಬಂದು ಕೂತಿತು. ನಾನು ಉಸಿರು ತೆಗೆಯುವ ಸಂದಿನಲ್ಲಿ ಅವನ ಕೆಮ್ಮು. ಗುಂಡಿಗೆ ಕಾಜಾ ಸಿಕ್ಕ ಹಾಗೆ. ಸ್ಯಾಕ್ಸಫೋನುಗಳ ಪಾಲು ನನ್ನದು, ಟ್ರಂಪೆಟ್ಟುಗಳ ಪಾಲು ಅವನದು. ಅವು ಕೂತಿದ್ದದ್ದು ಸ್ಟೇಜಿನ ಕಿಟಕಿ ತುದಿ, ಬಾಗಿಲ ತುದಿ. ಅಷ್ಟು ಜನರ ಗದ್ದಲದಲ್ಲಿ ಯಾರ ಕಾಲಿಗೆ ಯಾವುದು ಹತ್ತಿರವೋ ಅದನ್ನೇ ಹಿಡಿದುಕೊಂಡು ಮನೆಗೆ ಹೋಗಿದ್ದೇವೆ. ಇಷ್ಟು ವರ್ಷ ಒಬ್ಬರು ಶುರುಮಾಡಿದರೆ ಇನ್ನೊಬ್ಬರು ಬಾಯಿ ಮುಚ್ಚಿಸಿದ್ದೇವೆ. ಒಟ್ಟಿಗೆ ಒಂದು ಸಲವೂ ಹಾಡಿರಲಿಲ್ಲ.

ರಾಯಲ್ ಮತ್ತೆ ತಲೆ ತಟ್ಟಿದ. ಮತ್ತೆ ಹಾಡಿದೆವು. ನರ್ಸು ಬಂದು ಹೊರಗೆ ಹಾಕಿದಳು.

ಬಸ್ ಸ್ಟಾಪಿನಲ್ಲಿ ಲೂಷಿಯಸ್ ನನ್ನ ಕೋಟಿನ ತೋಳು ಬೆರಳಲ್ಲಿ ತಿಕ್ಕಿ ನೋಡಿದ. ಆಮೇಲೆ, "ರೇಷ್ಮೆ ಏನೂ ಅಲ್ಲ. ಪಾಪ್ಲಿನ್ನು ಅನ್ನಬೋದು."

ಅಕ್ಟೋಬರ್ 11. ಗುರುವಾರ

ಎರಡು ವಾರ ಪುಟ ಖಾಲಿ. ದಿನಾ ಡಿಪೋ. ವೆಂಡೆಲ್ ಎಲ್ಲವನ್ನೂ ಕಾಗದದ ಮೇಲೆ ಇಳಿಸಿದ. ಇವತ್ತು ಆ ಕಾಗದ ಕಿತ್ತುಕೊಂಡೆ. "ತಲೆಯಿಂದ" ಅಂದೆ. ಮೊದಲು ತಡವರಿಸಿದರು. ಆಮೇಲೆ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳತೊಡಗಿದರು. ಅಂಚೆಯವನೊಬ್ಬನ ಕಾಲರ್ ಗುಂಡಿ ಹಾರಿ ಸೂಪಿಗೆ ಬಿತ್ತು.

ಗಡ್ಡದವನು ಬರೆದುಕೊಳ್ಳುವುದನ್ನು ಬಿಟ್ಟು ಕಾಲು ಕುಟ್ಟುತ್ತಿದ್ದ. ನೋಡದವಳ ಹಾಗೆ ನೋಡಿದೆ.

ಅಕ್ಟೋಬರ್ 14. ಭಾನುವಾರ, ಮಧ್ಯಾಹ್ನ ಮೂರು

ಲಿಂಡೆನ್ ಹಾಲ್, ಕೋಟು ತೂಗುಹಾಕುವ ಕೋಣೆ. ನಿಂತೇ ಬರೆಯುತ್ತಿದ್ದೇನೆ. ರಾಯಲ್‌ನನ್ನು ನನ್ನ ವ್ಯಾನಿನಲ್ಲೇ ಕರೆತಂದೆವು. ಮೈಮೇಲೆ ಬ್ಯಾಂಡಿನ ಕೆನೆಬಣ್ಣದ ಕೋಟು, ಅವನ ಮಗಳು ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ನಿನ್ನೆ ನಾನೇ ಇಸ್ತ್ರಿ ಮಾಡಿದೆ, ಕೆಲಸದವರ ಕೈಗೆ ಕೊಡಲಿಲ್ಲ. ಹಾಲ್ ತುಂಬಿದೆ. ಯಾರೂ ಹೇಳದೆಯೇ ನಮ್ಮವರು ಹೋಗಿ ಕಿಟಕಿ ಕಡೆ ನಿಂತಿದ್ದಾರೆ. ಲೂಷಿಯಸ್‌ನವರು ಬಾಗಿಲ ಕಡೆ. ಕರೆಯುತ್ತಿದ್ದಾರೆ...

ಅಕ್ಟೋಬರ್ 15. ಸೋಮವಾರ

ಮಂಡಿ ಊದಿದೆ. ಅಂಗಡಿ ತಡವಾಗಿ ತೆಗೆದೆ. ಇಷ್ಟು ವರ್ಷದಲ್ಲಿ ಮೊದಲ ಸಲ.

ಮೂರು ನಿಮಿಷ ರೆಕಾರ್ಡಿನಂತೆಯೇ ಹೋಯಿತು. ಆಮೇಲೆ ಅಡುಗೆಮನೆ ಬಾಗಿಲು ತೆರೆಯಿತು. ಸ್ಯಾಕ್ಸುಗಳು, ಟ್ರಂಪೆಟ್ಟುಗಳು ಒಟ್ಟಿಗೇ. ಕಿಟಕಿ ಕಡೆಯವರು ಎದುರಿನಿಂದ ಬಂದದ್ದನ್ನು ಕೇಳಿ ಅಲ್ಲೇ ನಿಂತುಬಿಟ್ಟರು. ಬಾಗಿಲ ಕಡೆಯವರೂ. ಬೆಳೆದ ಮಕ್ಕಳ, ಮೊಮ್ಮಕ್ಕಳ ಮುಂದೆ ಮುದುಕ ಮುದುಕಿಯರು ಬಾಯಿ ಬಿಟ್ಟುಕೊಂಡು ನಿಂತದ್ದು... ಆಮೇಲೆ ನಡುವಿನ ಜಾಗ ತುಂಬಿತು. ಲೂಷಿಯಸ್ ಹಾಲ್ ದಾಟಿ ಬಂದು ಕೈ ಚಾಚಿದ. "ಬಾರಮ್ಮಾ, ನಿನ್ನ ಕಡೆ ಗಾಳಿ ಹೆಂಗಿದೆ ನೋಡೋಣ." ಮುದುಕ ಚೆನ್ನಾಗಿ ತಿರುಗಿಸುತ್ತಾನೆ. ಅದನ್ನೂ ಹೇಳಲಿಲ್ಲ.

ಸಾಕು ಅನ್ನಿಸಿ ವೆಂಡೆಲ್ ಮುಷ್ಟಿ ಎತ್ತಿದ. ಮುಂದಿನ ಸಾಲಿನಲ್ಲಿ ರಾಯಲ್ ಎಡಗೈ ಮೇಲೆ ಹೋಯಿತು. ತಲೆ ತಟ್ಟಿದ. ಹಾಲ್ ಪೂರ್ತಿ ನೋಡಿತು. ಹಾಲ್ ಪೂರ್ತಿ ತಲೆ ತಟ್ಟಿಕೊಂಡಿತು. ಬ್ಯಾಂಡು ಮತ್ತೆ ಶುರು. ಮತ್ತೆ. ಒಬ್ಬರೂ ನೀರಿಗೆ ಹೋಗಲಿಲ್ಲ.

ಬೆಳಗಿನಿಂದ ಗುಂಡಿ ಹಾಕಿಸೋಕೆ ಸಾಲು ನಿಂತಿದ್ದಾರೆ. ಲೂಷಿಯಸ್ ಎಲ್ಲರಿಗಿಂತ ಮುಂದೆ.

ಈಗ ತಾನೇ ಫೋನು. ಗಡ್ಡದವನು. ನಿನ್ನೆ ಕೂಗಿ ಕೂಗಿ ದನಿ ಒಡೆದಿತ್ತು. "ಮಿಸ್ ಓಜೆಲ್ಲಾ, ಟೇಪು ನಡುವೆಯೇ ಮುಗಿದುಹೋಯ್ತು. ಅಷ್ಟುದ್ದ ಇರುತ್ತೆ ಅಂತ ನಾನು ನಂಬಿರಲಿಲ್ಲ. ಪುಸ್ತಕದೋರಿಗೂ ಬರೀತೀನಿ. ಈ ಸಲ ದೊಡ್ಡ ಸುರುಳಿ ತರ್ತೀನಿ. ದಯವಿಟ್ಟು ಇನ್ನೊಂದು ಸಲ ನುಡಿಸ್ತೀರಾ?"

ತಲೆ ತಟ್ಟಿಕೊಂಡೆ, ಎರಡು ಸಲ. ಸಾಲಿನಲ್ಲಿದ್ದವರೆಲ್ಲ ಹೋ ಅಂದರು. ಫೋನಿನಲ್ಲಿ ಅವನಿಗೆ ಇದು ಕಾಣೋದಿಲ್ಲ ಅಂತ ಆಮೇಲೆ ಹೊಳೆಯಿತು. "ತಲೆಯಿಂದ, ಇನ್ನೊಂದು ಸಲ" ಅಂದೆ.