ಬೀರುವಿನಲ್ಲಿದ್ದ ಸ್ಲೈಡು

ಸೂಕ್ಷ್ಮದರ್ಶಕದಿಂದ ತಲೆ ಎತ್ತದೆಯೇ ಮಾತಾಡುತ್ತಿದ್ದ ನನ್ನ ಅಪ್ಪನಿಗೆ,

ನೀನು ಹೊಣಕೆರೆಯ ಬೀದಿಗೆ ಬಂದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು, ನೆನಪಿದೆಯಾ? ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಸ್ಲೈಡಿನ ಮೇಲೆ ರಕ್ತ ಸವರಿ, ಮಲೇರಿಯಾ ಇದೆಯೋ ಇಲ್ಲವೋ ಹೇಳುವುದು ನಿನ್ನ ಕೆಲಸ. ಈಗ ಲ್ಯಾಬಿನಲ್ಲಿ ನಾನೂ ಅದನ್ನೇ ಮಾಡುತ್ತೇನೆ. ನನ್ನ ರೋಗಿಗಳು ಇಲಿಗಳು. ಅವು ಬಾಗಿಲು ಹಾಕಿಕೊಳ್ಳುವುದಿಲ್ಲ, ನೇರವಾಗಿ ಕಚ್ಚುತ್ತವೆ.

ಅವ್ವನಿಗೆ ಜ್ವರ ಬಂದ ದಿನ ನೀನು ಅವಳ ರಕ್ತ ನೋಡಿ, "ಏನೂ ಇಲ್ಲ ಬುಡು, ಗಂಜಿ ಕುಡ್ದು ಮನಿಕೊ" ಅಂದಿದ್ದೆ. ನಾಲ್ಕನೇ ದಿನ ಅವಳಿಗೆ ಪ್ರಜ್ಞೆ ತಪ್ಪಿತು. ನಾಗಮಂಗಲದ ಆಸ್ಪತ್ರೆಗೆ ಕರೆದೊಯ್ದಾಗ ರಕ್ತದ ತುಂಬ ಮಲೇರಿಯಾ. ಅವ್ವ ಉಳಿದಳು. ನೀನು ಮಾತ್ರ... ಆ ಮೊದಲ ಸ್ಲೈಡನ್ನು ಕರವಸ್ತ್ರದಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಮತ್ತೆ ನೋಡಲೂ ಇಲ್ಲ, ಬಿಸಾಡಲೂ ಇಲ್ಲ. ಸಾಯುವ ವಾರದಲ್ಲೂ "ನನ್ ಕಣ್ಣೇ ಮೋಸ ಮಾಡ್ತು ಕನವ್ವ" ಅಂದೆ. ಅದನ್ನು ಕೇಳಿ ಕೇಳಿ ನನಗೆ ಎಷ್ಟು ಸಿಟ್ಟು ಬರುತ್ತಿತ್ತು ಗೊತ್ತಾ?

ಮೊನ್ನೆ ಭಾನುವಾರ ಅವ್ವನ ಜೊತೆ ಅವರೆಕಾಯಿ ಸುಲಿಯುತ್ತಾ ಇಲಿಗಳ ಸಂಗತಿ ಹೇಳುತ್ತಿದ್ದೆ. ಒಂದು ಗುಂಪಿಗೆ ಜೀವಂತ ಮಲೇರಿಯಾ ರೋಗಾಣುವನ್ನೇ ಲಸಿಕೆಯಾಗಿ ಚುಚ್ಚಿ, ಅದು ಕೈಮೀರದಂತೆ ಔಷಧವನ್ನೂ ಕೊಟ್ಟಿದ್ದೆವು. ಇನ್ನೊಂದು ಗುಂಪಿಗೆ ಬರೀ ಔಷಧ. ತಿಂಗಳುಗಳಾದ ಮೇಲೆ ಎರಡಕ್ಕೂ ಮತ್ತೆ ರೋಗಾಣು ಚುಚ್ಚಿದೆವು. ಬರೀ ಔಷಧ ಪಡೆದವು ಕಾಯಿಲೆ ಬಿದ್ದವು. ಲಸಿಕೆ ಪಡೆದವುಗಳ ರಕ್ತ ಚೊಕ್ಕ! ಅವುಗಳ ಯಕೃತ್ತಿನಲ್ಲಿ ಕಾವಲು ಕೂತಿದ್ದ ಕಣಗಳು ಹಳೇ ಗುರುತು ಹಿಡಿದು, ರೋಗಾಣು ರಕ್ತಕ್ಕೆ ಇಳಿಯುವ ಮೊದಲೇ ಅದನ್ನು ಮುಗಿಸಿದ್ದವು.

"ಬರೀ ಔಷ್ದಿ ಕುಡ್ಸಿದ್ ಇಲಿ ಯಾಕ್ ಬೇಕಿತ್ತವ್ವ?" ಅಂದಳು ಅವ್ವ.

"ಮೈಯಲ್ಲಿ ಔಷಧಿ ಉಳಿದಿದ್ರೆ, ಕಾಯಿಲೆ ಇದ್ರೂ ಸ್ಲೈಡಲ್ಲಿ ಕಾಣದೇ ಇರಬೋದು. ಲಸಿಕೆಯೇ ಕಾಯಿಲೆ ತಡೀತು ಅಂತ ನಾವು ಮೋಸ ಹೋಗ್ಬಾರ್ದಲ್ಲ."

ಅವ್ವನ ಕೈ ನಿಂತಿತು. "ಅಂಗಾದ್ರೆ... ಚಳಿ ತಡೀನಾರ್ದೆ, ರಕ್ತ ತಗಳಕ್ ಹಿಂದಿನ್ ರಾತ್ರಿನೇ ನಿಮ್ಮಪ್ಪನ ಬ್ಯಾಗಿಂದ ಎಲ್ಡು ಮಲೇರಿಯಾ ಮಾತ್ರೆ ನುಂಗ್ಬುಟ್ಟಿದ್ದೆ ಕನವ್ವ. ಸರ್ಕಾರಿ ಮಾತ್ರೆ, ಕೇಳ್ದೆ ತಗಂಡೆ ಅಂತ ಬೈತಾರೆ ಅಂದ್ಕಂಡು ಯೋಳ್ಲಿಲ್ಲ."

ಇಷ್ಟು ವರ್ಷ ಆ ಸ್ಲೈಡ್ ನೋಡುವ ಧೈರ್ಯ ನನಗೂ ಇರಲಿಲ್ಲ ಅಪ್ಪ. ಇವತ್ತು ಲ್ಯಾಬಿಗೆ ತಂದು ನೋಡಿದೆ. ಬಣ್ಣ ಮಾಸಿದೆ, ಆದರೂ ಕಾಣುತ್ತದೆ. ನೀನು ಕಲಿಸಿದ ಹಾಗೆ ಒಂದೊಂದೇ ಸಾಲು, ಈ ತುದಿಯಿಂದ ಆ ತುದಿವರೆಗೆ, ಎರಡು ಸಲ.

ಇಲ್ಲ ಅಪ್ಪ. ಅದರಲ್ಲಿ ಏನೂ ಇಲ್ಲ. ನಿನ್ನ ಕಣ್ಣು ಸರಿಯಾಗೇ ನೋಡಿತ್ತು.

ಅವ್ವನನ್ನು ಬೈಯಬೇಡ. ಅವಳಿಗೆ ಇನ್ನೂ ಫೋನ್ ಮಾಡಿಲ್ಲ, ಮೊದಲು ನಿನಗೇ ತಿಳಿಯಲಿ ಅಂತ.

ನಿನ್ನ ಮಗಳು