ಹ್ಯಾಂಡ್‌ಬ್ರೇಕ್ ಹಿಡಿದಿದ್ದ ಕೈ

ಡಲ್ವರ್ಟನ್, ಸಾಮರ್‌ಸೆಟ್
ಮಂಗಳವಾರ, 8 ಫೆಬ್ರವರಿ 1994

ಪ್ರೀತಿಯ ತಂಗಿ ಹೆಸ್ಟರ್,

ಹೇಗಿದ್ದೀಯ? ವಿಟ್ಬಿಯ ಕಡಲಗಾಳಿ ನಿನ್ನ ಎದೆಗೆ ಒಗ್ಗಿತೇ, ಚಳಿಗಾಲದ ಕೆಮ್ಮು ಈ ಸಲವೂ ಬಂತೇ? ಮನೆಯೊಡತಿ ಬೆಂಕಿಗೆ ಕಲ್ಲಿದ್ದಲು ಹಾಕಲು ಈಗಲೂ ಜಿಪುಣತನ ಮಾಡುತ್ತಾಳೆಯೇ? ನಾನು ಚೆನ್ನಾಗಿದ್ದೇನೆ, ಮೊಣಕಾಲೊಂದು ಬಿಟ್ಟರೆ. ಊಟದ ವಿಷಯ ಮಾತ್ರ ಕೇಳಬೇಡ. ಮೂರು ದಿನದಿಂದ ಡಬ್ಬಿಯ ಸಾರ್ಡೀನ್ ಮೀನು, ಸುಟ್ಟ ಬ್ರೆಡ್ಡು. ನೀನಿದ್ದಿದ್ದರೆ ತಟ್ಟೆ ಕಿತ್ತುಕೊಂಡು ಬೈಯುತ್ತಿದ್ದೆ. ಬೈಯುವವರಿಲ್ಲದ ಮನೆಯಲ್ಲಿ ಏನು ತಿಂದರೂ ನಡೆಯುತ್ತದೆ, ಆದರೆ ಯಾವುದೂ ರುಚಿಸುವುದಿಲ್ಲ.

ನಿನ್ನ ಕ್ರಿಸ್‌ಮಸ್ ಕಾರ್ಡು ಬಂತು. ನಾಲ್ಕು ವರ್ಷಕ್ಕೆ ನಾಲ್ಕು ಕಾರ್ಡು, ಮೊದಲ ಮೂರರಲ್ಲಿ ನಿನ್ನ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಈ ಸಲ ಒಂದು ಸಾಲು ಹೆಚ್ಚಿಗೆ ಇತ್ತು: ಕೈ ನಂಬುವ ಹಾಗಿಲ್ಲ, ಅದಕ್ಕೇ ಚರ್ಚಿನಲ್ಲಿ ಆರ್ಗನ್ ನುಡಿಸುವುದನ್ನು ಬಿಟ್ಟೆ ಅಂತ. ಹಾಗೆಂದು ಡಾಕ್ಟರು ಹೇಳಿದರೇ, ಇಲ್ಲ ನೀನೇ ತೀರ್ಮಾನ ಮಾಡಿಕೊಂಡೆಯಾ? ಅದನ್ನು ಓದಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ಜನವರಿ ತಿಂಗಳಿಡೀ ಏನೋ ಒಂದು ನೆವ ಹೇಳಿಕೊಂಡು ತಳ್ಳಿದೆ. ಕಡೆಗೆ ಹೋದ ಸೋಮವಾರ ಶೆಡ್ಡಿನ ಬೀಗ ತೆಗೆದೆ.

ನಮ್ಮ ಕೆಂಪು ಕಾರನ್ನು ನೋಡಿದ್ದರೆ ನೀನು ಅತ್ತುಬಿಡುತ್ತಿದ್ದೆ. ಇಲಿ ಸೀಟಿನಲ್ಲಿ ಗೂಡು ಕಟ್ಟಿದೆ, ಅದೂ ನಿನ್ನ ಸೀಟಿನಲ್ಲಿ. ನನ್ನದನ್ನು ಮೂಸಿಯೂ ನೋಡಿಲ್ಲ. ಹ್ಯಾಂಡ್‌ಬ್ರೇಕ್ ಮಾತ್ರ ಎಳೆದದ್ದು ಎಳೆದಂತೆಯೇ ಕಚ್ಚಿಕೊಂಡಿತ್ತು. ಲಿವರ್ ಕದಲದು, ಹಿಂದಿನ ಚಕ್ರ ತಿರುಗದು. ಒಬ್ಬನ ಕೈಲಿ ಆಗುವ ಕೆಲಸವಲ್ಲ ಅಂತ ಮೋಟಾರು ಕ್ಲಬ್ಬಿನ ಪೆಡ್ರಿಕ್‌ನನ್ನು ಕರೆದೆ. ಅವನು ಗಾಡಿಯ ಕೆಳಗೆ ಇಣುಕಿ, ಎದ್ದು ಕೈ ಒರೆಸಿಕೊಂಡು, "ನಾಲ್ಕ್ ವರ್ಷ ಬೀಗ ಜಡ್ಕೊಂಡ್ ಕೂತಿದ್ದೀಯಲ್ಲೋ ಮಾರಾಯ, ತುಕ್ಕು ಹಿಡ್ದಿರೋದು ಗಾಡಿಗೋ ನಿಂಗೋ?" ಅಂದ. ಸೊಂಟ ನೋವು ಅಂತ ಒಂದು ಗಂಟೆಗೇ ಹೊರಟುಹೋದ. ಹೋಗುವಾಗ ನೀನು ಹೇಗಿದ್ದೀಯ ಅಂತ ಕೇಳಿದ. ಚೆನ್ನಾಗಿದ್ದಾಳೆ ಅಂದೆ, ನನಗೇನು ಗೊತ್ತು.

ಆಮೇಲೆ ಮೂರು ದಿನ ನಾನೇ ಗುದ್ದಾಡಿದೆ. ಚಕ್ರಗಳ ಬ್ರೇಕ್ ಡ್ರಮ್ಮುಗಳನ್ನು ಮರದ ಸುತ್ತಿಗೆಯಿಂದ ಸುತ್ತಲೂ ಬಡಿದು ಬಡಿದು ಬಿಡಿಸಿದೆ. ಡ್ರಮ್ಮನ್ನು ಒತ್ತಿ ಹಿಡಿಯುವ ಬ್ರೇಕ್ ಶೂಗಳು ಒಳಗೆ ಅಂಟಿಕೊಂಡು ಕೂತಿದ್ದವು. ಕೇಬಲ್ಲು ತನ್ನ ಕೊಳವೆಯೊಳಗೇ ತುಕ್ಕಿನಲ್ಲಿ ಬೆಸೆದುಹೋಗಿತ್ತು. ಅದನ್ನು ಎಣ್ಣೆಯಲ್ಲಿ ನೆನೆಹಾಕಿ, ಎಳೆದು, ಮತ್ತೆ ನೆನೆಹಾಕಿ, ಅಂತೂ ಶುಕ್ರವಾರ ಕದಲಿತು. ಖುಷಿಯಾಗಿ ತಿರುಗಿ ನೋಡಿದೆ, ಹೇಳಲು ಯಾರೂ ಇರಲಿಲ್ಲ. ಕಷ್ಟ ಶುರುವಾದದ್ದು ಅಲ್ಲಿಂದ. ಬ್ರೇಕ್ ಬಿಗಿ ಸರಿಮಾಡಲು ಇಬ್ಬರು ಬೇಕಲ್ಲ, ಒಬ್ಬರು ಒಳಗೆ ಕೂತು ಎಳೆಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ನೋಡಬೇಕು. ನಾನು ಒಳಗೆ ಹೋಗಿ ಎಳೆದು, ಇಳಿದು, ತೆವಳಿಕೊಂಡು ಕೆಳಗೆ ಸೇರಿ ನೋಡಿ, ಮತ್ತೆ ಹೊರಗೆ ಬಂದು ಹತ್ತಿ, ಹೀಗೆ ಹನ್ನೊಂದು ಸಲ ಮಾಡಿದೆ. ಮೊಣಕಾಲಿನ ಕಥೆ ಇದೇ. ಒಂದು ಸಲ ಕೆಳಗೆ ಮಲಗಿದ್ದವನು ಅಭ್ಯಾಸಬಲದಿಂದ "ಎಳಿಯೇ" ಅಂತ ಕೂಗಿಬಿಟ್ಟೆ. ಆಮೇಲೆ ತೆವಳಿಕೊಂಡು ಹೊರಬಂದು ನಾನೇ ಹತ್ತಿ ಎಳೆದೆ.

ಗುಡ್ಡ ಹತ್ತುವ ಸ್ಪರ್ಧೆಗಳಲ್ಲಿ ಇಪ್ಪತ್ತೆರಡು ವರ್ಷ ಆ ಲಿವರ್ ನಿನ್ನ ಕೈಯಲ್ಲೇ ಇತ್ತು. ಕೆಸರಿನ ಏರಿನಲ್ಲಿ ಎರಡು ಗೆರೆಗಳ ನಡುವೆ ಗಾಡಿ ನಿಲ್ಲಿಸಿ, ಒಂದಿಂಚೂ ಹಿಂದೆ ಜಾರದೆ ಮತ್ತೆ ಹೊರಡಬೇಕು. ಪೆಡಲು ನನ್ನದು, ಬ್ರೇಕು ನಿನ್ನದು. ಬೇರೆ ಗಾಡಿಗಳಲ್ಲಿ ಲಿವರಿನ ತುದಿಯ ಗುಂಡಿ ಒತ್ತಿದರೆ ಬ್ರೇಕ್ ಬಿಡುತ್ತದೆ, ನಮ್ಮದರಲ್ಲಿ ಒತ್ತಿದರೆ ಹಿಡಿಯುತ್ತದೆ. ಎಷ್ಟೋ ಗಂಡಸರು ಅಲ್ಲಿ ಎಡವಿದ್ದಾರೆ, ನೀನು ಒಮ್ಮೆಯೂ ಎಡವಲಿಲ್ಲ. ಕಡೆಯ ಸಲ ಗಾಡಿ ಹಿಂದಕ್ಕೆ ಜಾರಿ ಬೇಲಿಗೆ ಬಡಿದಾಗ ನಾನು ಎಲ್ಲರೆದುರು ಆಡಿದ ಮಾತು ನಿನಗೂ ನೆನಪಿದೆ, ಬಾವುಟ ಹಿಡಿದು ನಿಂತಿದ್ದ ಪೆಡ್ರಿಕ್‌ಗೂ ನೆನಪಿದೆ. "ಕೈ ಬಿಟ್ಬಿಟ್ಯಲ್ಲೇ. ವಯಸ್ಸಾಯ್ತು, ನಿನ್ ಕೈಲಿ ಇನ್ ಇದೆಲ್ಲ ಆಗಲ್ಲ." ನೀನು ಇಳಿದು ಕೆಸರಿನಲ್ಲಿ ನಡೆದುಹೋಗಿ ಬಸ್ಸು ಹಿಡಿದೆ. ಮರುದಿನ ಬೆಳಿಗ್ಗೆ ಮನೆಯನ್ನೇ ಬಿಟ್ಟು ಹೋದೆ.

ವಿಷಯಕ್ಕೆ ಬರುತ್ತೇನೆ. ಮೊನ್ನೆ ಲಿವರ್ ಬಿಚ್ಚಿದಾಗ, ಅದರ ಬುಡದಲ್ಲಿ ಹಲ್ಲುಗಳಿಗೆ ಕಚ್ಚಿ ನಿಲ್ಲುವ ಕೊಕ್ಕೆ ಕಂಡಿತು. ತುದಿ ಪೂರ್ತಿ ಸವೆದು ಗುಂಡಗಾಗಿದೆ. ಒಂದು ಸಲ ಹಿಡಿದರೆ ಇನ್ನೊಂದು ಸಲ ಜಾರುತ್ತದೆ. ಆದ್ದರಿಂದ ಅವತ್ತಿನ ತಪ್ಪು ಇದರದ್ದೇ ಇರಬಹುದು ಅನಿಸುತ್ತದೆ. ಹೊಸ ಕೊಕ್ಕೆ ಹಾಕಿದ್ದೇನೆ. ಈಗ ಗಾಡಿ ನಮ್ಮ ಬೀದಿಯ ಇಳಿಜಾರಿನಲ್ಲೂ ಅಲ್ಲಾಡದೆ ನಿಲ್ಲುತ್ತದೆ.

ಮೈ ಬೆಚ್ಚಗಿಟ್ಟುಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನ ಅಣ್ಣ,
ಅಂಬ್ರೋಸ್

ಇನ್ನೊಂದು ಮಾತು: ಐದು ಗಂಟೆಯ ಟಪಾಲು ತಪ್ಪುವುದರೊಳಗೆ ಬರೆಯುತ್ತಿದ್ದೇನೆ. ಈ ಪತ್ರದ ಜೊತೆ ಕಾಗದದಲ್ಲಿ ಸುತ್ತಿಟ್ಟಿರುವ ಕಬ್ಬಿಣದ ತುಂಡು ಆ ಹಳೆಯ ಕೊಕ್ಕೆ. ಬೆರಳಾಡಿಸಿ ನೋಡು. ಗುರುವಾರ ಕ್ಲಬ್ಬಿನಲ್ಲಿ ಪೆಡ್ರಿಕ್‌ಗೂ ಉಳಿದವರಿಗೂ ಹೇಳುತ್ತೇನೆ, ಮೊದಲು ನಿನಗೆ ಹೇಳಬೇಕು. ಮೊನ್ನೆ ಗೊತ್ತಾಯಿತು ಅಂತ ಮೇಲೆ ಬರೆದದ್ದು ಸುಳ್ಳು. ಅವತ್ತು ಸಂಜೆಯೇ, ಗಾಡಿಯನ್ನು ಶೆಡ್ಡಿಗೆ ತಂದು ಬ್ರೇಕ್ ಎಳೆದಾಗ, ಅದು ನನ್ನ ಕೈಯಲ್ಲೂ ಜಾರಿತು. ಗುಂಡಿ ಗಟ್ಟಿಯಾಗಿ ಒತ್ತಿದ್ದೆ, ಆದರೂ ಜಾರಿತು. ನಿನ್ನ ಕೈ ಬಿಟ್ಟಿರಲಿಲ್ಲ ಅಂತ ಆಗಲೇ ತಿಳಿಯಿತು. ಮತ್ತೊಮ್ಮೆ ಎಳೆದೆ, ಹೇಗೋ ಕಚ್ಚಿತು, ಹಾಗೇ ಬಿಟ್ಟು ಬೀಗ ಹಾಕಿ ಮನೆಯೊಳಗೆ ಬಂದೆ. ನೀನು ಮಹಡಿಯಲ್ಲಿ ಪೆಟ್ಟಿಗೆ ತುಂಬುತ್ತಿದ್ದ ಸದ್ದು ಕೇಳಿಸುತ್ತಿತ್ತು. ನಾನು ಮೆಟ್ಟಿಲು ಹತ್ತಲಿಲ್ಲ.