ಕಮ್ಮಾರ ಇನ್ನಾಸಪ್ಪನ ಹೆಸರಿನ ಮುಂದಿನ ಷರಾ

ತಾಲ್ಲೂಕಿನ ಹಳೆಯ ಕಾಗದಗಳ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯ ತಹಶೀಲ್ದಾರರೇ,

ಒಬ್ಬ ಮನುಷ್ಯ ಸತ್ತನೋ ಓಡಿಹೋದನೋ ಎಂದು ತಿಳಿಯಲು ನಿಮ್ಮ ಕಚೇರಿಗೆ ಅರ್ಜಿ ಕೊಟ್ಟೆವು. ಅವನ ಮರಣ ಪ್ರಮಾಣಪತ್ರ ತಂದರೆ ಕಡತ ನೋಡಿ ಹೇಳುತ್ತೇವೆ ಎಂದು ನಿಮ್ಮ ಕಚೇರಿ ಉತ್ತರ ಕೊಟ್ಟಿತು. ಈ ಎರಡು ವಾಕ್ಯಗಳನ್ನು ಒಂದರ ಪಕ್ಕ ಒಂದಿಟ್ಟು ಒಂಬತ್ತು ತಿಂಗಳಿಂದ ಓದುತ್ತಿದ್ದೇನೆ. ನಾನು ಕನ್ನಡ ಎಂ.ಎ. ಮಾಡಿದವಳು, ಕಷ್ಟದ ವಾಕ್ಯಗಳನ್ನು ಬಿಡಿಸಿ ಅರ್ಥ ಹೇಳಿಯೇ ಅಂಕ ತೆಗೆದುಕೊಂಡವಳು. ಇದರ ಅರ್ಥ ಮಾತ್ರ ನನಗೆ ಹತ್ತಿಲ್ಲ. ಎದುರಿಗೆ ನಿಂತು ಕೇಳುವ ಧೈರ್ಯ ಆಗ ಇರಲಿಲ್ಲ. ಆದ್ದರಿಂದ ಎಲ್ಲರ ಮುಂದೆ ಬರೆದು ಕೇಳುತ್ತಿದ್ದೇನೆ.

ಆ ಮನುಷ್ಯನ ಹೆಸರು ಕಮ್ಮಾರ ಇನ್ನಾಸಪ್ಪ. ನಿಮ್ಮ ತಾಲ್ಲೂಕಿನ ಒಂದು ಕ್ರೈಸ್ತ ಹಳ್ಳಿಯಲ್ಲಿ ಕುಲುಮೆ ಇಟ್ಟುಕೊಂಡಿದ್ದವರು, ನನ್ನ ಅಜ್ಜಿ ಆರೋಗ್ಯಮ್ಮನ ತಾತ. ಬಿತ್ತನೆಗೆ ಮೊದಲು ಊರಿನ ನೇಗಿಲುಗಳ ಗುಳ ತಟ್ಟಿಕೊಡುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲಿನ ರಾಗಿ ತರುವುದು ಅವರ ಬದುಕು. ಊರ ಕೆಲಸಕ್ಕಾಗಿ ಅವರಿಗೆ ಒಂದಿಷ್ಟು ಭೂಮಿಯನ್ನೂ ಬಿಟ್ಟಿದ್ದರು. ೧೯೧೮ರ ಕೊನೆಯಲ್ಲಿ, ವಿಷಮಶೀತ ಜ್ವರ ಊರೂರನ್ನೇ ಮಲಗಿಸಿದ ಆ ತಿಂಗಳುಗಳಲ್ಲಿ, ಅವರು ಕಾಣೆಯಾದರು. ಹೆಂಡತಿ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು. ಆರು ವರ್ಷದ ಮಗನನ್ನು ಯಾರೋ ನೆಂಟರು ಹೊತ್ತುಕೊಂಡು ಹೋಗಿದ್ದರು. ಅವಳು ಎದ್ದು ಕೂರುವ ಹೊತ್ತಿಗೆ ಕುಲುಮೆ ತಣ್ಣಗಿತ್ತು, ಗಂಡ ಇರಲಿಲ್ಲ. ಗುಂಡಿ ತೋಡುವವರೇ ಇಲ್ಲದ ದಿನಗಳಲ್ಲಿ ಯಾರು ಯಾರನ್ನು ಎಲ್ಲಿ ಹೂತರೆಂದು ಹೇಳಬಲ್ಲವರು ಉಳಿದಿರಲಿಲ್ಲ. ಆದರೂ ಊರು ಒಂದು ತೀರ್ಮಾನಕ್ಕೆ ಬಂದಿತು. ಕೋಲಾರದ ಚಿನ್ನದ ಗಣಿಯಲ್ಲಿ ಕಮ್ಮಾರರಿಗೆ ಕೆಲಸವಿದೆಯಂತೆ, ಇವನು ಯಾರನ್ನೋ ಕರೆದುಕೊಂಡು ಅಲ್ಲಿಗೆ ಓಡಿಹೋದನಂತೆ. ಸುತ್ತಿಗೆ, ಇಕ್ಕಳ, ತಿದಿ ಎಲ್ಲವೂ ಇಲ್ಲೇ ಇವೆಯಲ್ಲ ಎಂದು ಹೆಂಡತಿ ಕೇಳಿದರೆ, 'ಗಣೀಲಿ ಸುತ್ತಿಗೇನ ಕಂಪನಿಯವರೇ ಕೊಡ್ತಾರೆ ಬುಡವ್ವ' ಎಂದರಂತೆ.

ಅಂದಿನಿಂದ ಆ ಮನೆಗೆ 'ಪರಾರಿಯವರ ಮನೆ' ಎಂದು ಹೆಸರಾಯಿತು. ಮಗ ಕುಲುಮೆಯ ಕಡೆ ತಿರುಗಿಯೂ ನೋಡದೆ ಮೈಸೂರಿಗೆ ಬಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದರು. ಆದರೂ ಹೆಸರು ಬಸ್ಸು ಹತ್ತಿ ಹಿಂದೆಯೇ ಬಂತು. ಅಜ್ಜಿಯನ್ನು ನೋಡಲು ಬಂದ ಗಂಡಿನ ಕಡೆಯ ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಡುವ ಮೊದಲೇ 'ಪರಾರಿಯವರ ಮನೆ ಹುಡುಗಿ ಅಲ್ವಾ ಇದು?' ಎಂದು ಕೇಳಿದರಂತೆ. ಅಜ್ಜಿಗೆ ಈಗ ಎಂಬತ್ತಾರು. ಆ ಲೋಟದ ಬಣ್ಣ ಅವರಿಗೆ ಇನ್ನೂ ನೆನಪಿದೆ.

ನಮ್ಮವರಲ್ಲಿ ನವೆಂಬರ್ ಎರಡು ಸತ್ತವರ ದಿನ. ಸಮಾಧಿಗಳಿಗೆ ಸುಣ್ಣ ಬಳಿದು ಮೇಣದಬತ್ತಿ ಹಚ್ಚುತ್ತೇವೆ. ಮನೆಯಲ್ಲಿ ತೀರಿಕೊಂಡವರ ಹೆಸರುಗಳ ಪಟ್ಟಿಯನ್ನು ಚರ್ಚಿಗೆ ಕೊಡುತ್ತೇವೆ. ಪಾದ್ರಿಗಳು ಪೂಜೆಯಲ್ಲಿ ಅವನ್ನು ಓದುತ್ತಾರೆ. ಅಜ್ಜಿಯ ಅಪ್ಪ ಪ್ರತಿವರ್ಷ ಮೈಸೂರಿನಿಂದ ಊರಿಗೆ ಹೋಗಿ ತಾಯಿಯ ಹೆಸರು ಕೊಡುತ್ತಿದ್ದರು. ತಂದೆಯ ಹೆಸರನ್ನು ಒಮ್ಮೆಯೂ ಕೊಡಲಿಲ್ಲ. ಬದುಕಿರುವವನ ಹೆಸರನ್ನು ಸತ್ತವರ ಪಟ್ಟಿಗೆ ಸೇರಿಸಿದರೆ ಅದು ಶಾಪ ಹಾಕಿದ ಹಾಗೆ ಎಂಬ ಭಯ ಅವರಿಗೆ. ಓದುವಾಗ ಆ ಹೆಸರು ಬರಲಿಲ್ಲವೆಂಬುದನ್ನು ಇಡೀ ಊರು ಗಮನಿಸುತ್ತಿತ್ತು, ತನ್ನ ತೀರ್ಮಾನ ಸರಿಯೆಂದು ಇನ್ನೊಂದು ವರ್ಷದ ಮಟ್ಟಿಗೆ ಖಾತ್ರಿ ಮಾಡಿಕೊಳ್ಳುತ್ತಿತ್ತು.

ಅಜ್ಜಿ ಈಗ ಅಡಿಲೇಡಿನಲ್ಲಿ, ಬ್ಲೇರ್ ಅಥಾಲ್‌ನ ನಮ್ಮ ಮನೆಯಲ್ಲಿದ್ದಾರೆ. ಕಳೆದ ವರ್ಷ ಹೃದಯ ಸೋತು ಮಾಡ್ಬರಿಯ ಆಸ್ಪತ್ರೆಯಲ್ಲಿ ಎರಡು ವಾರ ಮಲಗಿದ್ದರು. ಮನೆಗೆ ಬಂದ ಮೇಲೆ ಮೊದಲು ಕೇಳಿದ್ದು ಈ ಪಟ್ಟಿಯ ವಿಷಯ. 'ನಾನು ಹೋಗೋಕ್ ಮುಂಚೆ ನಮ್ ತಾತನ ಹೆಸರು ಒಂದ್ಸಲ ಓದಿಸ್ಬೇಕು. ಆದ್ರೆ ಗೊತ್ತಾಗ್ದೆ ಓದಿಸಲ್ಲ.'

ಬ್ರಿಸ್ಬೇನಿನ ಸನ್ನಿಬ್ಯಾಂಕ್‌ನಿಂದ ಅತ್ತೆ, ಅಜ್ಜಿಯ ಮಗಳು, ವಿಡಿಯೊ ಕಾಲ್ ಮಾಡಿದರು. 'ಅಮ್ಮ, ಸುಮ್ನೆ ಬರ್ದು ಕೊಟ್ಬಿಡು. ಇವತ್ತಿಗಿದ್ದಿದ್ರೆ ಅವ್ರಿಗೆ ನೂರ ನಲವತ್ತು ವರ್ಷ. ಫಾದರ್ ಏನು ಡೆತ್ ಸರ್ಟಿಫಿಕೇಟ್ ಕೇಳ್ತಾರಾ?'

'ಫಾದರ್ ಕೇಳಲ್ಲ ಕಣೇ. ನಾನು ಕೇಳ್ತೀನಿ.'

ಅತ್ತೆಯ ಹಿಂದಿನಿಂದ ಮಗಳು ಅದಿತಿ ತಲೆ ತೂರಿಸಿದಳು. ಅಲ್ಲೇ ಹುಟ್ಟಿದವಳು, ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವುದಿಲ್ಲ. 'ಬಟ್ ಹೀ ಈಸ್ ಡೆಡ್ ಐದರ್ ವೇ, ಅಜ್ಜಿ.'

'ಸತ್ತಿದಾನೆ ಅಂತ ನಂಗೂ ಗೊತ್ತಮ್ಮ. ಯಾವಾಗ ಅಂತ ಗೊತ್ತಿಲ್ಲ. ಆ ವರ್ಷವೇ ಸತ್ತಿದ್ರೆ ನಮ್ ತಾತ. ಆಮೇಲೆ ಸತ್ತಿದ್ರೆ ಇನ್ಯಾರ್ದೋ ಗಂಡ.'

ಅತ್ತೆ ಮಾತು ಬದಲಾಯಿಸಿದರು.

ಮೊದಲ ತಪ್ಪು ನಮ್ಮದೇ, ಒಪ್ಪಿಕೊಳ್ಳುತ್ತೇನೆ. ಪರ್ತ್‌ನಲ್ಲಿರುವ ದೊಡ್ಡಪ್ಪ ಗಣಿ ಕಂಪನಿಯೊಂದರಲ್ಲಿ ಭೂವಿಜ್ಞಾನಿ. ನಿಮ್ಮ ಇಲಾಖೆಯ ಜಾಲತಾಣದಲ್ಲಿ ಹುಡುಕಿದಾಗ ಅವರಿಗೊಂದು ಆಶ್ಚರ್ಯ ಕಾದಿತ್ತು. ಕುಲುಮೆ ಇದ್ದ ಎರಡು ಗುಂಟೆ ಜಾಗ ಇವತ್ತಿಗೂ ಕಮ್ಮಾರ ಇನ್ನಾಸಪ್ಪನ ಹೆಸರಿನಲ್ಲೇ ಇತ್ತು. ಖುಷಿಯಲ್ಲಿ ದೊಡ್ಡಪ್ಪ ಪೂರ್ವಜರ ಹೆಸರು ಕೇಳುವ ಅರ್ಜಿ ಯಾವುದೆಂದು ನೋಡಿ ಅದನ್ನೇ ತುಂಬಿ ಕಳಿಸಿಬಿಟ್ಟರು. ಅದು ಪೌತಿ ಖಾತೆಯ ಅರ್ಜಿ, ಸತ್ತವರ ಭೂಮಿಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವುದು. ಹಾಗಾಗಿ ಹಳೆಯ ಪುಟವೊಂದನ್ನು ನೋಡಬೇಕೆಂದವರು ನಿಮ್ಮ ಕಣ್ಣಿಗೆ ಭೂಮಿ ಕೇಳಲು ಬಂದ ವಿದೇಶಿ ವಾರಸುದಾರರಾದೆವು. ಹಿಂಬರಹ ಬಂತು: 'ಖಾತೆದಾರರ ಮರಣ ಪ್ರಮಾಣಪತ್ರ ಹಾಜರುಪಡಿಸದ ಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.' ದೊಡ್ಡಪ್ಪ ಫೋನಿನಲ್ಲಿ ನಕ್ಕರು. 'ನಾನಿಲ್ಲಿ ಇನ್ನೂರೈವತ್ತು ಕೋಟಿ ವರ್ಷದ ಕಲ್ಲಿಗೆ ವಯಸ್ಸು ಬರ್ಕೊಡ್ತೀನಿ ಪುಟ್ಟಿ, ಯಾರೂ ಸರ್ಟಿಫಿಕೇಟ್ ಕೇಳಲ್ಲ.' ನಕ್ಕ ಮೇಲೆ, 'ನೀನೇ ಒಂದ್ಸಲ ಹೋಗ್ಬಾ' ಎಂದರು.

ಜನವರಿಯಲ್ಲಿ ಹೋದೆ. ಮೊದಲು ಚರ್ಚು. ಅಲ್ಲಿನ ಪಾದ್ರಿಗಳು ಯಾವ ಕಾಗದವನ್ನೂ ಕೇಳದೆ ಬೀರುವಿನ ಬಾಗಿಲು ತೆಗೆದರು. ಲ್ಯಾಟಿನ್ನಿನಲ್ಲಿ ಬರೆದ ಮರಣಗಳ ದಪ್ಪ ಪುಸ್ತಕವನ್ನು ಮೇಜಿನ ಮೇಲಿಟ್ಟು ಒಂದೊಂದೇ ಸಾಲು ಓದಿ ಹೇಳಿದರು. ೧೯೧೮ರ ಅಕ್ಟೋಬರ್ ಒಂಬತ್ತರವರೆಗೆ ಒಂದೇ ಕೈಬರಹ. ಕೊನೆಕೊನೆಗೆ ಅಕ್ಷರಗಳು ಇಳಿಜಾರಾಗಿವೆ. ಆಮೇಲೆ ನಾಲ್ಕು ಪುಟ ಖಾಲಿ. ಮತ್ತೆ ಜನವರಿ ನಾಲ್ಕರಿಂದ ಬೇರೆಯವರ ಬರಹ.

'ಬರೀಬೇಕಾದೋರೇ ಮಲಗ್ಬಿಟ್ಟಿದ್ರು ಅಂತ ಕಾಣತ್ತಮ್ಮ' ಎಂದರು ಪಾದ್ರಿಗಳು. 'ಆಮೇಲೆ ಬಂದೋರು ಜಾಗ ಬಿಟ್ಟು ಶುರು ಮಾಡಿದಾರೆ. ಹೆಸರುಗಳು ಸಿಕ್ಕಿದಾಗ ತುಂಬೋಣ ಅಂತ ಇರ್ಬೇಕು.'

ಯಾರೂ ತುಂಬಿರಲಿಲ್ಲ. ಆ ಪುಟಗಳ ಮೇಲೆ ಕೈಯಿಡಲೂ ನನಗೆ ಸಂಕೋಚವಾಯಿತು.

ನಿಮ್ಮ ಕಚೇರಿಯಲ್ಲಿ ಉತ್ತರವಿರಬಹುದೆಂದು ಹೇಳಿದವರು ಅದೇ ಹೋಬಳಿಯ ಹಳೆಯ ಶಾನುಭೋಗರ ಮನೆತನದ ರಮಾಕಾಂತ್ ಅವರು. ನಿವೃತ್ತ ಮೇಷ್ಟ್ರು, ಎಂಬತ್ತರ ಹತ್ತಿರ. ಜಗುಲಿಯ ಮೇಲೆ ಕೂತು ಬಹಳ ಸಹಜವಾಗಿ ಹೇಳಿದರು: 'ಊರ ಕೆಲಸದೋರ ಭೂಮಿ ಅಂದ್ರೆ ನಮ್ ತಾತ ಪ್ರತಿವರ್ಷ ಷರಾ ಬರೀಲೇಬೇಕಿತ್ತು ಕಣಮ್ಮ. ಕೆಲಸ ಮಾಡೋನು ಇದಾನಾ, ಇಲ್ವಾ, ಇಲ್ದೇ ಇದ್ರೆ ಯಾಕಿಲ್ಲ ಅಂತ. ಸತ್ತಿದ್ರೆ ಪೌತಿ ಅಂತಾರೆ. ಹೇಳ್ದೆ ಕೇಳ್ದೆ ಹೋಗಿದ್ರೆ ಪರಾರಿ. ಮೇಲಿನೋರು ಕೇಳ್ತಾರಲ್ಲ, ಸುಳ್ಳು ಬರೆಯೋ ಹಾಗಿರ್ಲಿಲ್ಲ. ಆ ವರ್ಷದ ಪುಸ್ತಕ ತಾಲ್ಲೂಕ್ ಆಫೀಸಲ್ಲಿ ಇರ್ಲೇಬೇಕು, ನೋಡಿ.' ಮತ್ತೆ ಖಾತೆಯಲ್ಲಿ ಹೆಸರು ಏಕೆ ಬದಲಾಗಲಿಲ್ಲ ಎಂದು ಕೇಳಿದೆ. 'ಆರು ವರ್ಷದ ಕೂಸು ಬಂದು ಖಾತೆ ಮಾಡಿಸ್ಕೊಳ್ಳತ್ತಾ?' ಎಂದರು.

ಹೀಗೆ ನಮ್ಮ ಮನೆಯ ನೂರು ವರ್ಷದ ಪ್ರಶ್ನೆಗೆ ಉತ್ತರವಾಗಿ ಒಂದು ಪದ ನಿಮ್ಮ ರೆಕಾರ್ಡ್ ರೂಮಿನಲ್ಲಿದೆ. ನಾನು ನಿಂತಿದ್ದ ಕಿಟಕಿಯಿಂದ ಆ ಕೋಣೆಯ ಬಾಗಿಲಿಗೆ ಹದಿನೈದು ಹೆಜ್ಜೆ. ಮೂರು ದಿನ ನಿಂತಿದ್ದೆನಾದ್ದರಿಂದ ಎಣಿಸಲು ಪುರುಸೊತ್ತಿತ್ತು.

'ಆಸ್ಟ್ರೇಲಿಯಾದಿಂದ ಎರಡು ಗುಂಟೆಗೆ ಬಂದ್ರಾ ಮೇಡಂ? ಅಲ್ಲಿ ಜಾಗ ಸಾಲ್ದಾ?' ಎಂದರು ನಿಮ್ಮ ಗುಮಾಸ್ತರು.

ಜಾಗ ಬೇಡ, ಆ ವರ್ಷದ ಷರಾ ಮಾತ್ರ ನೋಡಬೇಕು ಎಂದೆ.

'ಎಲ್ರೂ ಹಂಗೇ ಅಂತಾರೆ. ಡೆತ್ ಸರ್ಟಿಫಿಕೇಟ್ ತನ್ನಿ.'

'ಅವರು ಸತ್ತಿದ್ರೋ ಇಲ್ವೋ ಅಂತ ತಿಳ್ಕೊಳ್ಳೋಕೇ ಬಂದಿದೀನಿ ಸರ್.'

'ಓ, ಹಂಗಾದ್ರೆ ಇನ್ನೂ ಅನುಮಾನ ಇದೆ. ಒಂದ್ ಕೆಲ್ಸ ಮಾಡಿ, ಅವ್ರನ್ನೇ ಕರ್ಕೊಂಡ್ ಬನ್ನಿ. ಖಾತೆದಾರರೇ ಬಂದ್ರೆ ನಾವು ಇಲ್ಲ ಅನ್ನಲ್ಲ.'

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ಸ್ವಲ್ಪ ನಕ್ಕೆ. ಅದಕ್ಕಾಗಿ ಇವತ್ತಿಗೂ ನನ್ನ ಮೇಲೆ ನನಗೆ ಕೋಪವಿದೆ.

ಹಿಂತಿರುಗಿ ಬಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆವು. ಅದಕ್ಕೆ ಬಂದ ಉತ್ತರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದು. ಕೇಳಿದ್ದು ಮೂರನೇ ವ್ಯಕ್ತಿಯ ಖಾಸಗಿ ಮಾಹಿತಿಯಂತೆ. ಸದರಿ ವ್ಯಕ್ತಿಯ ಒಪ್ಪಿಗೆ ಪತ್ರ ಲಗತ್ತಿಸಬೇಕಂತೆ. ಮಾನ್ಯರೇ, ನಿಮ್ಮ ಒಂದು ಮೇಜು ಅವರು ಸತ್ತಿರುವುದಕ್ಕೆ ಪುರಾವೆ ಕೇಳುತ್ತದೆ, ಪಕ್ಕದ ಮೇಜು ಅವರ ಸಹಿ ಕೇಳುತ್ತದೆ. ಎರಡು ಮೇಜುಗಳು ಮಧ್ಯಾಹ್ನದ ಚಹಾ ಹೊತ್ತಿಗಾದರೂ ಮಾತಾಡಿಕೊಳ್ಳುವುದಿಲ್ಲವೇ? ಕಂಪ್ಯೂಟರಿನ ಪ್ರಕಾರ ಅವರು ನೂರ ನಲವತ್ತು ವರ್ಷದ ಜೀವಂತ ಖಾತೆದಾರರಾಗಿದ್ದರೆ, ಅವರ ಆರೋಗ್ಯ ವಿಚಾರಿಸಲು ನಿಮ್ಮ ಇಲಾಖೆಯಿಂದ ಈವರೆಗೆ ಯಾರೂ ಹೋಗದಿದ್ದುದು ಸೌಜನ್ಯವೇ? ಅಥವಾ ಅವರಿಲ್ಲವೆಂದು ನಿಮಗೂ ಒಳಗೊಳಗೆ ಗೊತ್ತಿದ್ದು, ಬರೆದುಕೊಡುವ ಹೊಣೆ ಮಾತ್ರ ಬೇಡವಾಗಿದೆಯೇ?

ನಿಮ್ಮ ಹಿಂಜರಿಕೆ ನನಗೆ ಅರ್ಥವಾಗದೇ ಇಲ್ಲ. ಸತ್ತ ಅಜ್ಜನ ಹೆಸರು ಹೇಳಿಕೊಂಡು ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಭೂಮಿಗೇ ಬರುತ್ತಾರೆ, ಕಾಗದ ತಿದ್ದಿಸುತ್ತಾರೆ, ಬಡವರನ್ನು ಒಕ್ಕಲೆಬ್ಬಿಸುತ್ತಾರೆ. ಕುಲುಮೆಯ ಜಾಗದಲ್ಲಿ ಈಗ ಒಬ್ಬರು ಪಂಕ್ಚರ್ ಅಂಗಡಿ ಇಟ್ಟಿದ್ದಾರೆ. ನಾನು ಹೋಗಿದ್ದೆ, ಹೆದರಿಕೊಂಡೇ ಕುರ್ಚಿ ಕೊಟ್ಟರು. ಅವರು ಅಲ್ಲೇ ಇರಲಿ. ಆ ಎರಡು ಗುಂಟೆ ನಮಗೆ ಬೇಡವೆಂದು ಅಜ್ಜಿ, ದೊಡ್ಡಪ್ಪ, ಅತ್ತೆ, ನನ್ನ ಅಪ್ಪ ನಾಲ್ವರೂ ಛಾಪಾ ಕಾಗದದ ಮೇಲೆ ಬರೆದು ಕಳಿಸಿದ್ದಾರೆ. ಅದಕ್ಕೂ ಹಿಂಬರಹ ಬಂತು: ವಾರಸುದಾರರೆಂದು ಸಾಬೀತಾಗದವರು ಹಕ್ಕು ಬಿಟ್ಟುಕೊಡಲು ಬರುವುದಿಲ್ಲ.

ಇಷ್ಟಾಗಿದ್ದರೆ ಇನ್ನೂ ಕಾಯುತ್ತಿದ್ದೆ. ಕಾಯುವುದು ನನಗೆ ಒಗ್ಗಿದ ಕೆಲಸ. ಆದರೆ ಕಳೆದ ವಾರ ರಮಾಕಾಂತ್ ಮೇಷ್ಟ್ರು ಒಂದು ಫೋಟೊ ಕಳಿಸಿದರು. ನಿಮ್ಮ ರೆಕಾರ್ಡ್ ರೂಮಿನ ಬಾಗಿಲಿಗೆ ಅಂಟಿಸಿದ ಸೂಚನೆ. ಹುಳು ತಿಂದ, ಅನಗತ್ಯವಾದ ಹಳೆಯ ಪುಸ್ತಕಗಳನ್ನು ನವೆಂಬರ್ ತಿಂಗಳಲ್ಲಿ ವಿಲೇವಾರಿ ಮಾಡಲಾಗುವುದಂತೆ. ಯಾವುವು ಅನಗತ್ಯ ಎಂದು ಅದರಲ್ಲಿ ಬರೆದಿಲ್ಲ. ಆ ಫೋಟೊ ಬಂದ ದಿನದಿಂದ ನಾನು ಒಂದು ಕಡೆ ಕೂತಿಲ್ಲ. ನಾನು ಕೆಲಸ ಮಾಡುವ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವಾಗ, ಬಸ್ಸಿನಲ್ಲಿ, ಅಜ್ಜಿಗೆ ಮಾತ್ರೆ ಎಣಿಸಿ ಕೊಡುವಾಗ, ಫೋನ್ ತೆಗೆದು ನೋಡುತ್ತೇನೆ, ಇಡುತ್ತೇನೆ, ಮತ್ತೆ ತೆಗೆಯುತ್ತೇನೆ. ಅಜ್ಜಿಗೆ ಸೂಚನೆಯ ವಿಷಯ ಹೇಳಿರಲಿಲ್ಲ. ನಿನ್ನೆ ಅವರೇ ಕೇಳಿದರು, 'ಏನೇ ಅದು, ಅಷ್ಟೊತ್ತಿಂದ ಓಡಾಡ್ತಿದೀಯ?' ಹೇಳಿಬಿಟ್ಟೆ. ಹೇಳಿದ ಮೇಲೆ, ನನ್ನನ್ನು ಬಹುಕಾಲದಿಂದ ಕೊರೆಯುತ್ತಿದ್ದುದನ್ನೂ ಕೇಳಿದೆ.

'ಅಜ್ಜಿ, ಅಲ್ಲಿ ಪರಾರಿ ಅಂತಲೇ ಇದ್ರೆ?'

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. 'ಇದ್ರೆ ಇರ್ಲಿ. ಆಗ್ಲೂ ಹೆಸರು ಕೊಡ್ತೀನಿ. ನಮ್ಮಪ್ಪನ್ ಕೈಲಿ ಆಗ್ಲಿಲ್ಲ, ನಾನು ಕ್ಷಮಿಸ್ತೀನಿ. ಆದ್ರೆ ಏನ್ ಮಾಡಿದ್ದಕ್ಕೆ ಕ್ಷಮಿಸ್ಬೇಕು ಅಂತ ಗೊತ್ತಾಗ್ಬೇಡ್ವಾ? ಜ್ವರ ಬಂದು ಸತ್ತೋನ್ನ ಕ್ಷಮಿಸೋಕೆ ನಾನ್ಯಾರೇ?'

ಮಾನ್ಯರೇ, ನಾನು ಕೇಳುವುದು ಇಷ್ಟು. ವಿಲೇವಾರಿಗೆ ಮೊದಲು, ಆ ಹಳ್ಳಿಯ ೧೯೧೮–೧೯ನೇ ಸಾಲಿನ ಪುಸ್ತಕವನ್ನು ಕಪಾಟಿನಿಂದ ಇಳಿಸಿ. ಕಮ್ಮಾರ ಇನ್ನಾಸಪ್ಪ ಎಂಬ ಹೆಸರಿನ ಮುಂದಿನ ಷರಾ ಓದಿ. ದೃಢೀಕೃತ ಪ್ರತಿ ಬೇಡ, ಮೊಹರು ಬೇಡ, ಹಿಂಬರಹವಂತೂ ಬೇಡವೇ ಬೇಡ. ಇದ್ದುದನ್ನು ಇದ್ದ ಹಾಗೆ ಹೇಳಿ. ನಮ್ಮ ಮೇಲಿನ ಮರುಕಕ್ಕೆ ಒಂದು ಪದದ ಬದಲು ಇನ್ನೊಂದನ್ನು ಓದಬೇಡಿ. ಪುಟ ಹರಿದಿದ್ದರೆ ಹರಿದಿದೆ ಎನ್ನಿ. ಇಲ್ಲಿನ ಚರ್ಚಿನವರು ಪಟ್ಟಿ ತೆಗೆದುಕೊಳ್ಳುವುದು ಅಕ್ಟೋಬರ್ ಮೂವತ್ತೊಂದರವರೆಗೆ. ನಮ್ಮ ಗಡಿಯಾರ ನಿಮಗಿಂತ ಐದು ಗಂಟೆ ಮುಂದಿದೆ. ನೀವು ಊಟಕ್ಕೆ ಏಳುವ ಮೊದಲು ಫೋನ್ ಮಾಡಿದರೆ ಅಜ್ಜಿ ಎದ್ದಿರುತ್ತಾರೆ. ನಂಬರ್ ಮೂರೂ ಅರ್ಜಿಗಳ ಮೇಲಿದೆ. ಅವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ನನಗೆ ಹೇಳುವುದು ಬೇಡ, ಅವರಿಗೇ ಹೇಳಿ.

ಇಂತಿ,
ಮೂರು ದಿನ ನಿಮ್ಮ ಕಿಟಕಿಯ ಮುಂದೆ ನಿಂತೂ ಇಷ್ಟನ್ನು ಬಾಯಿಬಿಟ್ಟು ಹೇಳಲಾಗದೆ ಬಂದ ಅರ್ಜಿದಾರಳು,
ಭಾವನಾ
ಬ್ಲೇರ್ ಅಥಾಲ್, ಅಡಿಲೇಡ್